ಆಫೀಸು ಮಾಡಿಕೊಂಡು ಐರನ್‌ಮ್ಯಾನ್ ದೂರಕ್ಕೆ ತಯಾರಿ: ಟ್ರೈನಿಂಗ್‌ಪೀಕ್ಸ್ ಎಷ್ಟು ಒದಗುತ್ತದೆ?

ದಿನಕ್ಕೆ ಎಂಟೊಂಬತ್ತು ಗಂಟೆ ದುಡಿದುಕೊಂಡೇ 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, 42.2 ಕಿ.ಮೀ. ಓಟವನ್ನು ಒಂದೇ ದಿನದಲ್ಲಿ ಮುಗಿಸಬೇಕೆಂದು ಹೊರಟವರಿಗೆ ಮೊದಲು ಸಾಲದೆ ಬರುವುದು ವಾರದ ಗಂಟೆಗಳು. ಇದರ ಅರ್ಧ ದೂರಕ್ಕೆ, ಅಂದರೆ 1.9, 90, 21.1 ಕಿ.ಮೀ.ಗೆ ತಯಾರಾಗುವವರ ಪಾಡೂ ಹೆಚ್ಚು ಬೇರೆಯೇನಲ್ಲ. ಈ ಗಂಟೆಗಳನ್ನು ಹೊಂದಿಸುವ ಒದ್ದಾಟಕ್ಕೆ ಇಳಿದವರು ಬಹಳ ಮಂದಿ ಒಂದಲ್ಲ ಒಂದು ದಿನ ಟ್ರೈನಿಂಗ್‌ಪೀಕ್ಸ್‌ನಲ್ಲಿ ಖಾತೆ ತೆರೆಯುತ್ತಾರೆ. 1999ರಲ್ಲಿ ಕೋಚ್ ಜೋ ಫ್ರೀಲ್, ಅವರ ಮಗ ಡರ್ಕ್ ಫ್ರೀಲ್ ಮತ್ತು ಗಿಯರ್ ಫಿಶರ್ ಸೇರಿ ಶುರುಮಾಡಿದ ಸೇವೆ ಇದು. ಕೋಚ್ ತನ್ನ ಶಿಷ್ಯರಿಗೆ ವರ್ಕೌಟ್ ಕಳಿಸಲು, ಅವರು ಮಾಡಿದ್ದನ್ನು ನೋಡಲು ಕಟ್ಟಿದ ವ್ಯವಸ್ಥೆಯಾದ್ದರಿಂದ ಆ ಹುಟ್ಟುಗುಣ ಇವತ್ತಿಗೂ ಹೋಗಿಲ್ಲ. ಕೋಚ್ ಇಲ್ಲದೆ, ರೆಡಿಮೇಡ್ ಪ್ಲಾನ್ ಒಂದನ್ನು ಕೊಂಡು, ಮೀಟಿಂಗುಗಳ ಸಂದಿಯಲ್ಲಿ ತೂರಿಸಿಕೊಂಡು ತಾಲೀಮು ಮಾಡುವವರ ಕಣ್ಣಿನಿಂದ ಇಲ್ಲಿ ಅದನ್ನು ನೋಡಿದೆ.

ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಲೆಕ್ಕ ಬರೆಯುವ ಗುಮಾಸ್ತನಾಗಿ ಟ್ರೈನಿಂಗ್‌ಪೀಕ್ಸ್ ಬಲು ಅಚ್ಚುಕಟ್ಟು. ಅದನ್ನೇ ಕೋಚ್ ಎಂದು ನಂಬಿದರೆ, ಅದರಲ್ಲೂ ವರ್ಕೌಟು ಮುಗಿದ ಮೇಲೆ ಅದು ಆ ದಿನಕ್ಕೆ ಹಚ್ಚುವ ಹಸಿರು ಬಣ್ಣವನ್ನು ನಂಬಿದರೆ, ಕೆಲಸಕ್ಕೆ ಹೋಗುವವರು ಬೇಗ ದಾರಿ ತಪ್ಪುತ್ತಾರೆ.

ಉಚಿತವೆಷ್ಟು, ಚಂದಾ ಯಾವುದಕ್ಕೆ

ಉಚಿತ ಖಾತೆಯಲ್ಲಿ ಗಡಿಯಾರದಿಂದ ಮುಗಿದ ವರ್ಕೌಟುಗಳು ತಾವಾಗಿ ಬಂದು ಕ್ಯಾಲೆಂಡರ್‌ನಲ್ಲಿ ಕೂರುತ್ತವೆ. ಕೊಂಡ ಪ್ಲಾನನ್ನು ಅದೇ ಕ್ಯಾಲೆಂಡರ್‌ಗೆ ಹಾಕಿಕೊಳ್ಳಬಹುದು. ಮುಂದಿನ ವಾರಗಳ ವರ್ಕೌಟುಗಳನ್ನು ನೀವೇ ಬರೆದು ಜೋಡಿಸುವುದು, ಇಡೀ ವರ್ಷದ ಯೋಜನೆ, ಫಿಟ್‌ನೆಸ್ ಮತ್ತು ಬಳಲಿಕೆಯ ಗ್ರಾಫು ಇವೆಲ್ಲ ಪ್ರೀಮಿಯಂ ಚಂದಾದವರಿಗೆ. ಪ್ಲಾನ್ ಕೊಳ್ಳುವ ಖರ್ಚು ಬೇರೆ, ಚಂದಾ ಬೇರೆ. ಎರಡೂ ಒಂದೇ ಎಂದು ತಿಳಿದು ಹೊರಟವರು ಕೊನೆಗೆ ಎರಡು ಸಲ ದುಡ್ಡು ಕಟ್ಟುತ್ತಾರೆ.

ಕೆಲಸಕ್ಕೆ ಹೋಗುವವರಿಗೆ ಇದರ ನಿಜವಾದ ಉಪಯೋಗ ಬೆಳಗ್ಗೆ ಐದೂವರೆಗೆ ಗೊತ್ತಾಗುತ್ತದೆ. ನಿದ್ದೆಗಣ್ಣಿನಲ್ಲಿ ಏನನ್ನೂ ತೀರ್ಮಾನಿಸಬೇಕಾಗಿಲ್ಲ. ಹತ್ತು ನಿಮಿಷ ವಾರ್ಮ್‌ಅಪ್, ಎಫ್‌ಟಿಪಿಯ (ಸುಮಾರು ಒಂದು ಗಂಟೆ ಹಿಡಿದಿಡಬಲ್ಲ ಗರಿಷ್ಠ ಶಕ್ತಿ, ವ್ಯಾಟ್‌ನಲ್ಲಿ) 95 ಶೇಕಡದಲ್ಲಿ ಎಂಟೆಂಟು ನಿಮಿಷದ ನಾಲ್ಕು ಸುತ್ತು, ನಡುವೆ ನಾಲ್ಕು ನಾಲ್ಕು ನಿಮಿಷ 55 ಶೇಕಡದಲ್ಲಿ ಹಗುರ ಪೆಡಲಿಂಗ್, ಕೊನೆಗೆ ಆರು ನಿಮಿಷ ಕೂಲ್‌ಡೌನ್: ಒಟ್ಟು ಸರಿಯಾಗಿ ಅರವತ್ತು ನಿಮಿಷ. ಇದನ್ನು ಒಂದು ಸಲ ಬರೆದಿಟ್ಟರೆ ಗಾರ್ಮಿನ್ ಅಥವಾ ವಾಹೂ ಸಾಧನಕ್ಕೆ ತಾನಾಗಿ ಹೋಗುತ್ತದೆ. ಮನೆಯೊಳಗೆ ಸೈಕಲ್ ಕೂರಿಸಿ ತುಳಿಯುವ ಸ್ಮಾರ್ಟ್ ಟ್ರೈನರ್, ಪ್ರತಿರೋಧವನ್ನು ತಾನೇ ಹೊಂದಿಸುವ ಅರ್ಗ್ ಮೋಡ್‌ನಲ್ಲಿದ್ದರೆ ವ್ಯಾಟ್‌ಗಳನ್ನು ಅದೇ ಹಿಡಿದಿಡುತ್ತದೆ. ವರ್ಕೌಟನ್ನು ಶೇಕಡಾವಾರಿನಲ್ಲಿ ಬರೆಯುವುದರಿಂದ ಎಫ್‌ಟಿಪಿ ಬದಲಾದಾಗ ಮತ್ತೆ ಬರೆಯುವ ಕಷ್ಟವೂ ಇಲ್ಲ. ಈಜಿಗೆ ಮಾತ್ರ ಹಳೇ ದಾರಿಯೇ ಸಲೀಸು. ಮುಖ್ಯ ಸೆಟ್ಟನ್ನು ಚೀಟಿಯಲ್ಲಿ ಬರೆದು, ಜಿಪ್ ಚೀಲದೊಳಗೆ ಹಾಕಿ ಕೊಳದ ಅಂಚಿಗೆ ಅಂಟಿಸಿದರೆ ಒದ್ದೆ ಬೆರಳಲ್ಲಿ ಗಡಿಯಾರದ ಬಟನ್ ಒತ್ತುತ್ತ ನಿಲ್ಲುವುದು ತಪ್ಪುತ್ತದೆ.

ಪ್ಲಾನ್ ಕೊಳ್ಳುವ ಮುಂಚೆ

ಪ್ಲಾನ್ ಅಂಗಡಿಯಲ್ಲಿ ಹೆಸರುಗಳು ಆಕರ್ಷಕ. 'ಆರಂಭಿಕರಿಗೆ', 'ಬಿಡುವಿಲ್ಲದವರಿಗೆ' ಎಂಬ ಪಟ್ಟಿಯನ್ನು ಪ್ಲಾನ್ ಬರೆದವರೇ ಅಂಟಿಸಿಕೊಂಡಿರುತ್ತಾರೆ. ನೋಡಬೇಕಾದದ್ದು ಪುಟದ ಕೆಳಗಡೆ: ವಾರದ ಸರಾಸರಿ ಗಂಟೆ, ಅತಿ ಉದ್ದದ ವರ್ಕೌಟ್, ಮಾದರಿ ವಾರ. ಸರಾಸರಿ ಒಂಬತ್ತು ಗಂಟೆ ಎಂದಿರುವ ಪ್ಲಾನಿನಲ್ಲೂ ತುದಿಯ ವಾರಗಳು ಹದಿಮೂರು ಹದಿನಾಲ್ಕಕ್ಕೆ ಹೋಗಬಹುದು. ಆರಂಭದ ಆರೇಳು ಗಂಟೆಯ ವಾರಗಳೇ ಸರಾಸರಿಯನ್ನು ತಗ್ಗಿಸಿ ತೋರಿಸುತ್ತವೆ. ನಿಮ್ಮ ಬದುಕು ತಡೆದುಕೊಳ್ಳಬೇಕಾದದ್ದು ತುದಿಯ ವಾರವನ್ನು. ಹಾಗಾಗಿ ಆ ವಾರದ ಗಂಟೆ ಎಷ್ಟೆಂದು ವಿವರಣೆಯಲ್ಲಿ ಹುಡುಕಿ. ಅಲ್ಲಿ ಸಿಗದಿದ್ದರೆ ಬೇರೆ ಪ್ಲಾನ್ ನೋಡಿ.

ಮಾದರಿ ವಾರದಲ್ಲಿ ಸೋಮವಾರದಿಂದ ಶುಕ್ರವಾರದವರೆಗಿನ ಉದ್ದಗಳನ್ನು ಬೇರೆಯಾಗಿ ಗಮನಿಸಬೇಕು. ಬುಧವಾರ ಎರಡೂವರೆ ಗಂಟೆ ಸೈಕಲ್ ಇಟ್ಟಿರುವ ಪ್ಲಾನನ್ನು ಬರೆದವರಿಗೆ ಆಫೀಸಿನ ನೆನಪಿರಲಿಲ್ಲ ಎಂದೇ ಅರ್ಥ. ವಾರದ ದಿನಗಳಲ್ಲಿ ಒಂದೊಂದು ವರ್ಕೌಟ್ 45ರಿಂದ 75 ನಿಮಿಷದೊಳಗಿದ್ದು, ಉದ್ದದ ಎರಡು ಮಾತ್ರ ವಾರಾಂತ್ಯಕ್ಕೆ ಬಿದ್ದಿದ್ದರೆ ಸರಿ. ಇನ್ನೊಂದು ಸಂಗತಿಯೆಂದರೆ ಪ್ಲಾನ್ ಪವರ್ ಮೇಲೆ ಬರೆದದ್ದೋ ಹೃದಯಬಡಿತದ ಮೇಲೋ ಎಂಬುದು. ಪವರ್ ಮೀಟರ್ ಇಲ್ಲದೆ ವ್ಯಾಟ್‌ಗಳ ಪ್ಲಾನ್ ಕೊಂಡರೆ ಸೈಕಲ್ಲಿನ ಅರ್ಧ ವರ್ಕೌಟುಗಳು ಊಹೆಯ ಮೇಲೆ ನಡೆಯುತ್ತವೆ.

ಕ್ಯಾಲೆಂಡರ್‌ಗೆ ಹಾಕುವಾಗ ಆರಂಭದ ದಿನಾಂಕದ ಬದಲು ಮುಗಿಯುವ ದಿನಾಂಕ ಕೊಡುವ ಆಯ್ಕೆ ಇದೆ. ಸ್ಪರ್ಧೆಯ ದಿನವನ್ನೇ ಮುಗಿಯುವ ದಿನವಾಗಿ ಕೊಡಿ. 24 ವಾರದ ಪ್ಲಾನ್‌ಗೆ ನಿಮ್ಮ ಬಳಿ 20 ವಾರ ಮಾತ್ರ ಉಳಿದಿದ್ದರೆ ಮೊದಲ ನಾಲ್ಕು ವಾರ ಹಿಂದಿನ ತಾರೀಕುಗಳಿಗೆ ಬೀಳುತ್ತವೆ. ವಾರಕ್ಕೆ ಆರೇಳು ಗಂಟೆ ಮೊದಲಿನಿಂದಲೂ ಮಾಡುತ್ತಿದ್ದವರಿಗೆ ಅದರಿಂದ ತೊಂದರೆಯಿಲ್ಲ. ಸೊನ್ನೆಯಿಂದ ಶುರುಮಾಡುವವರು ಹಾಗೆ ನಡುವೆ ಜಿಗಿಯಬಾರದು. ಮೊದಲು ಕೈಬಿಡುವುದು ಹಿಮ್ಮಡಿಯ ಸ್ನಾಯುರಜ್ಜು ಅಥವಾ ಮೊಣಕಾಲು.

ಥ್ರೆಶೋಲ್ಡ್ ತಪ್ಪಿದರೆ ಎಲ್ಲವೂ ತಪ್ಪು

ಹೆಚ್ಚಿನವರು ಖಾತೆ ತೆರೆದ ದಿನವೇ ಗ್ರಾಫು ನೋಡಲು ಕೂರುತ್ತಾರೆ. ಆ ಗ್ರಾಫಿನ ಪ್ರತಿ ಚುಕ್ಕಿಯ ಕೆಳಗೂ ಸೆಟ್ಟಿಂಗ್ಸ್‌ನ ಜೋನ್ಸ್ ಪುಟದಲ್ಲಿರುವ ನಾಲ್ಕೈದು ಅಂಕಿಗಳಿವೆ: ಸೈಕಲ್ಲಿನ ಎಫ್‌ಟಿಪಿ, ಓಟದ ಥ್ರೆಶೋಲ್ಡ್ (ಸುಮಾರು ಒಂದು ಗಂಟೆ ಹಿಡಿಯಬಲ್ಲ ಮಿತಿಯ) ವೇಗ, ಈಜಿನ ಥ್ರೆಶೋಲ್ಡ್ ವೇಗ, ಸೈಕಲ್ಲಿಗೂ ಓಟಕ್ಕೂ ಬೇರೆ ಬೇರೆಯಾಗಿ ಥ್ರೆಶೋಲ್ಡ್ ಹೃದಯಬಡಿತ. ಅವನ್ನು ಪರೀಕ್ಷೆ ಮಾಡಿ ತುಂಬದೆ ಬಿಟ್ಟರೆ ಎಷ್ಟು ವರ್ಕೌಟ್ ಮಾಡಿದರೂ ಆಟಕ್ಕುಂಟು ಲೆಕ್ಕಕ್ಕಿಲ್ಲ.

ಸೈಕಲ್ಲಿಗೆ ಚೆನ್ನಾಗಿ ವಾರ್ಮ್‌ಅಪ್ ಮಾಡಿ, ಐದು ನಿಮಿಷ ಪೂರ್ತಿ ಶಕ್ತಿ ಹಾಕಿ, ಹತ್ತು ನಿಮಿಷ ಹಗುರವಾಗಿ ತುಳಿದು, ಆಮೇಲೆ 20 ನಿಮಿಷ ಹಿಡಿಯಬಲ್ಲ ಗರಿಷ್ಠ. ಆ 20 ನಿಮಿಷದ ಸರಾಸರಿ ವ್ಯಾಟ್‌ನ 95 ಶೇಕಡ ಎಫ್‌ಟಿಪಿ. ಮೊದಲಿನ ಐದು ನಿಮಿಷವನ್ನು ಬಿಟ್ಟವರಿಗೆ ಅಂಕಿ ಜಾಸ್ತಿ ಬರುತ್ತದೆ, ಮುಂದಿನ ಪ್ರತಿ ಇಂಟರ್ವಲ್ಲೂ, ಅಂದರೆ ಜೋರಿನ ಪ್ರತಿ ಸುತ್ತೂ, ಅತಿಯಾಗುತ್ತದೆ. ಓಟಕ್ಕೆ ಸಮತಟ್ಟು ದಾರಿಯಲ್ಲಿ ಒಬ್ಬರೇ 30 ನಿಮಿಷ ಜೋರಾಗಿ ಓಡಿ, ಕೊನೆಯ 20 ನಿಮಿಷದ ಸರಾಸರಿ ಹೃದಯಬಡಿತವನ್ನು ತೆಗೆದುಕೊಳ್ಳುವುದು. ವೇಗಕ್ಕೆ ಪೂರ್ತಿ ಅರ್ಧ ಗಂಟೆಯ ಸರಾಸರಿ. ಈಜಿಗೆ 400 ಮೀಟರ್ ಒಂದು, ಬಿಡುವು ಕೊಟ್ಟು 200 ಮೀಟರ್ ಒಂದು. 400ಕ್ಕೆ 8 ನಿಮಿಷ, 200ಕ್ಕೆ 3 ನಿಮಿಷ 50 ಸೆಕೆಂಡ್ ಬಂದರೆ ವ್ಯತ್ಯಾಸ 250 ಸೆಕೆಂಡ್. ಅದರ ಅರ್ಧ 125, ಅಂದರೆ ನೂರು ಮೀಟರಿಗೆ 2 ನಿಮಿಷ 5 ಸೆಕೆಂಡ್. ಮೂರನ್ನೂ ಒಂದೇ ವಾರಾಂತ್ಯಕ್ಕೆ ತುರುಕದೆ ಹಗುರದ ವಾರವೊಂದರಲ್ಲಿ ಹಂಚಿಕೊಳ್ಳಬೇಕು. ಆರರಿಂದ ಎಂಟು ವಾರಕ್ಕೊಮ್ಮೆ ಮತ್ತೆ ಮಾಡಿದರೆ ಸಾಕು.

ಎಫ್‌ಟಿಪಿಯನ್ನು ಹತ್ತು ಶೇಕಡ ಕಡಿಮೆ ತುಂಬಿದರೆ ಏನಾಗುತ್ತದೆ ನೋಡಿ. ನಿಜವಾದ ಅಂಕಿ 220 ವ್ಯಾಟ್, ಖಾತೆಯಲ್ಲಿರುವುದು 198 ಅಂತಿಟ್ಟುಕೊಳ್ಳೋಣ. ಟಿಎಸ್‌ಎಸ್ (ಒಂದು ವರ್ಕೌಟು ದೇಹದ ಮೇಲೆ ಹೇರುವ ಹೊರೆಯ ಅಂಕಿ) ಲೆಕ್ಕದಲ್ಲಿ ಎಫ್‌ಟಿಪಿಗೆ ಹೋಲಿಸಿದ ತೀವ್ರತೆಯನ್ನು ಅದರಿಂದಲೇ ಗುಣಿಸುವುದರಿಂದ ತಪ್ಪೂ ವರ್ಗವಾಗುತ್ತದೆ. ಪ್ರತಿ ಸವಾರಿಯ ಟಿಎಸ್‌ಎಸ್ ಸುಮಾರು 23 ಶೇಕಡ ಹೆಚ್ಚು ತೋರಿಸುತ್ತದೆ, ಗ್ರಾಫು ಮೇಲೇರುತ್ತದೆ, ಕಾಲು ಮಾತ್ರ ಮೊದಲಿನಷ್ಟೇ ಇರುತ್ತದೆ. ಹೃದಯಬಡಿತದಿಂದ ಲೆಕ್ಕ ಹಾಕುವವರಿಗೆ ಇನ್ನೊಂದು ಉಪದ್ರವ ಇದೆ. ಮಣಿಕಟ್ಟಿನ ಸೆನ್ಸರ್ ಓಡುವಾಗ ಕೆಲವೊಮ್ಮೆ ಹೃದಯದ ಬದಲು ಹೆಜ್ಜೆಯ ಲಯವನ್ನು ಹಿಡಿಯುತ್ತದೆ. ಹಗುರ ಓಟದಲ್ಲಿ ನಾಡಿ 170ಕ್ಕೂ ಮೇಲೆ ನೇರ ಗೆರೆಯಂತೆ ನಿಂತಿದ್ದರೆ ಅನುಮಾನಪಡಿ. ಎದೆಗೆ ಕಟ್ಟುವ ಸ್ಟ್ರಾಪ್ ಈ ಇಡೀ ಸಾಮಾನುಪಟ್ಟಿಯಲ್ಲಿ ಅತಿ ಕಡಿಮೆ ಖರ್ಚಿನ, ಅತಿ ಹೆಚ್ಚು ಲಾಭದ ವಸ್ತು.

ಗಂಟೆಗಳೇ ಕಟ್ಟಿದ ಮೇಲ್ಛಾವಣಿ

ಎಫ್‌ಟಿಪಿಯಲ್ಲಿ ಒಂದು ಗಂಟೆ ಸವಾರಿ ಅಂದರೆ 100 ಟಿಎಸ್‌ಎಸ್. ಹಗುರವಾದ, ತೀವ್ರತೆ 0.65ರ ಸವಾರಿ ಗಂಟೆಗೆ ಸುಮಾರು 42. ಮೇಲೆ ಹೇಳಿದ ನಾಲ್ಕು ಸುತ್ತಿನ ವರ್ಕೌಟು ಸುಮಾರು 69. ಇವನ್ನೆಲ್ಲ ದಿನದಿನ ಕೂಡಿಸಿ, 42 ದಿನದ ತೂಕದ ಸರಾಸರಿ ತೆಗೆದರೆ ಸಿಟಿಎಲ್. ಗ್ರಾಫಿನಲ್ಲಿ ಇದಕ್ಕೆ ಫಿಟ್‌ನೆಸ್ ಎಂದು ಹೆಸರು. ಏಳು ದಿನದ ಸರಾಸರಿ ಎಟಿಎಲ್, ಬಳಲಿಕೆ. ಹಿಂದಿನ ದಿನದ ಫಿಟ್‌ನೆಸ್‌ನಲ್ಲಿ ಹಿಂದಿನ ದಿನದ ಬಳಲಿಕೆ ಕಳೆದರೆ ಉಳಿಯುವುದು ಟಿಎಸ್‌ಬಿ, ಅಂದರೆ ಫಾರ್ಮ್.

ಈಗ ಸರಳ ಲೆಕ್ಕ. ಈಜು, ಸೈಕಲ್, ಓಟ ಬೆರೆಸಿದ ವಾರದಲ್ಲಿ ಗಂಟೆಗೆ ಸರಾಸರಿ 50 ಟಿಎಸ್‌ಎಸ್ ಬರುತ್ತದೆ ಅಂತಿಟ್ಟುಕೊಂಡರೆ, ಎಂಟು ಗಂಟೆಯ ವಾರ 400 ಕೊಡುತ್ತದೆ. ಏಳು ದಿನಕ್ಕೆ ಹಂಚಿದರೆ 57. ಹತ್ತು ಗಂಟೆಗೆ 71. ಅದೇ ವಾರವನ್ನು ತಿಂಗಳುಗಟ್ಟಲೆ ಮಾಡಿದರೂ ಸಿಟಿಎಲ್ ಆ ಅಂಕಿಯ ಹತ್ತಿರ ಹೋಗಿ ನಿಲ್ಲುತ್ತದೆ, ಅದಕ್ಕಿಂತ ಮೇಲೆ ಏರಲು ಗಣಿತವೇ ಬಿಡುವುದಿಲ್ಲ. ಯಾರದೋ 110ರ ಗ್ರಾಫು ನೋಡಿ ತನ್ನ 68ಕ್ಕೆ ಕೊರಗುವವರು ಅವರ ವಾರದ ಗಂಟೆ ಕೇಳಿದರೆ ಸಮಾಧಾನವಾದೀತು. ಹಾಸಿಗೆ ಇದ್ದಷ್ಟು ಕಾಲು ಚಾಚದೆ, ಅಂಕಿ ಏರಿಸಬೇಕೆಂದು ಪ್ರತಿ ಗಂಟೆಯನ್ನೂ ಜೋರು ಮಾಡಲು ಹೋದವರು ಮೂರನೆಯ ವಾರಕ್ಕೆ ನೆಗಡಿ ಹಿಡಿದು ಮಲಗುತ್ತಾರೆ.

ವರ್ಷದ ಯೋಜನೆ ಮಾಡುವ ಸಾಧನದಲ್ಲೂ ಇದೇ ಹೊಂಡ ಇದೆ. ಅದು ಮೂರು ದಾರಿ ಕೊಡುತ್ತದೆ: ವಾರದ ಸರಾಸರಿ ಗಂಟೆ, ವಾರದ ಸರಾಸರಿ ಟಿಎಸ್‌ಎಸ್, ಅಥವಾ ಸ್ಪರ್ಧೆಯ ದಿನಕ್ಕೆ ಬೇಕಾದ ಸಿಟಿಎಲ್. ಮೂರನೆಯದು ನೋಡಲು ಜಾಣತನದ ಆಯ್ಕೆ. ಆದರೆ ಅಲ್ಲಿ 90 ಎಂದು ಬರೆದರೆ ವಾರವಾರಕ್ಕೆ ಬೇಕಾದ ಟಿಎಸ್‌ಎಸ್ ಅನ್ನು ಅದು ಲೆಕ್ಕಹಾಕಿ ಇಟ್ಟುಬಿಡುತ್ತದೆ, ಅಷ್ಟು ಗಂಟೆ ನಿಮ್ಮ ಬಳಿ ಇದೆಯೇ ಎಂದು ಕೇಳುವ ಗೋಜಿಗೆ ಹೋಗುವುದಿಲ್ಲ. ಕೆಲಸಕ್ಕೆ ಹೋಗುವವರು ಗಂಟೆಯ ದಾರಿಯನ್ನೇ ಹಿಡಿಯಬೇಕು. ವರ್ಷಾಂತ್ಯದ ಲೆಕ್ಕಪತ್ರದ ವಾರ, ಪ್ರಾಜೆಕ್ಟ್ ಮುಗಿಸುವ ವಾರ, ಊರು ಬಿಟ್ಟಿರುವ ವಾರ ಇವನ್ನು ಮೊದಲೇ ಗುರುತು ಹಾಕಿ, ಹಗುರದ ವಾರಗಳನ್ನು ಅಲ್ಲಿಗೇ ತಂದು ಕೂರಿಸಿ. ಮೂರು ವಾರ ಏರಿಸಿ ಒಂದು ವಾರ ಇಳಿಸುವುದು ಸಾಮಾನ್ಯ ಪದ್ಧತಿ. ನಿದ್ದೆ ಸಾಲದವರಿಗೆ, ವಯಸ್ಸು ನಲವತ್ತು ದಾಟಿದವರಿಗೆ ಎರಡಕ್ಕೊಂದು ಮೇಲು. ವಾರಕ್ಕೆ ಐದರಿಂದ ಎಂಟು ಅಂಕ ಸಿಟಿಎಲ್ ಏರಿಸಬಹುದು ಎಂಬ ಮಾತು ತಿರುಗಾಡುತ್ತಿರುತ್ತದೆ. ಹೊಸಬರಾದ ನೌಕರಿಯವರಿಗೆ ಮೂರರಿಂದ ಐದೇ ಧಾರಾಳ.

ಹಸಿರು, ಹಳದಿ, ಕಿತ್ತಳೆ, ಕೆಂಪು

ಯೋಜಿಸಿದ ವರ್ಕೌಟಿನ 80ರಿಂದ 120 ಶೇಕಡ ಮಾಡಿದರೆ ಆ ದಿನದ ಚೌಕ ಹಸಿರಾಗುತ್ತದೆ. 50ರಿಂದ 79 ಅಥವಾ 121ರಿಂದ 150 ಆದರೆ ಹಳದಿ. ಅದಕ್ಕೂ ಆಚೀಚೆ ಹೋದರೆ ಕಿತ್ತಳೆ. ಮಾಡದೇ ಬಿಟ್ಟದ್ದು ಕೆಂಪು. ಯೋಜನೆಯಲ್ಲಿ ಇಲ್ಲದೆ ಮಾಡಿದ್ದು ಬೂದು. ಹೋಲಿಕೆಗೆ ಸಿಗುವುದು ಅವಧಿ, ದೂರ, ಟಿಎಸ್‌ಎಸ್ ಇವೇ. ಒಳಗಿನ ಇಂಟರ್ವಲ್ಲುಗಳು ಹೇಗೆ ಆದವು ಎಂಬುದು ಬಣ್ಣಕ್ಕೆ ಗೊತ್ತಿಲ್ಲ.

ಅದೇ ನಾಲ್ಕು ಸುತ್ತಿನ ವರ್ಕೌಟನ್ನು ತೆಗೆದುಕೊಳ್ಳಿ. ಒಬ್ಬರು ಎದ್ದದ್ದು ತಡವಾಯಿತೆಂದು 50 ನಿಮಿಷ ಹಗುರವಾಗಿ ತುಳಿದು ಇಳಿದರು. ಅವಧಿಯ ಲೆಕ್ಕದಲ್ಲಿ 83 ಶೇಕಡ, ಹಸಿರು. ಇನ್ನೊಬ್ಬರು ಎಂಟು ನಿಮಿಷದ ಮೂರು ಸುತ್ತುಗಳನ್ನು ಹೇಳಿದ ವ್ಯಾಟ್‌ನಲ್ಲಿ ಸರಿಯಾಗಿ ಮಾಡಿ, ನಾಲ್ಕನೆಯದನ್ನು ಬಿಟ್ಟು 45 ನಿಮಿಷಕ್ಕೆ ನಿಲ್ಲಿಸಿದರು. 75 ಶೇಕಡ, ಹಳದಿ. ಆ ದಿನದ ತಾಲೀಮಿನ ಉದ್ದೇಶ ಈಡೇರಿದ್ದು ಎರಡನೆಯವರಿಗೆ. ಇದಕ್ಕಿಂತ ಕೆಟ್ಟದ್ದು ಹಗುರದ ದಿನಗಳಲ್ಲಿ ನಡೆಯುತ್ತದೆ. 0.65ರಲ್ಲಿ ಒಂದು ಗಂಟೆ ತುಳಿಯಬೇಕಿದ್ದವರು ಆಫೀಸಿನ ಸಿಟ್ಟನ್ನೆಲ್ಲ ಪೆಡಲ್ ಮೇಲೆ ತೀರಿಸಿ 0.80ರಲ್ಲಿ ತುಳಿದರೆ 42ರ ಜಾಗದಲ್ಲಿ 64 ಟಿಎಸ್‌ಎಸ್ ಆಗುತ್ತದೆ. ಅವಧಿ ನೋಡಿದರೆ ನೂರಕ್ಕೆ ನೂರು, ಮತ್ತೆ ಹಸಿರು! ಮಾರನೆಯ ದಿನದ ಮುಖ್ಯ ಓಟ ಕೆಡುವುದು ಇಲ್ಲಿಂದಲೇ. ಬಣ್ಣದ ಬದಲು ವರ್ಕೌಟನ್ನು ತೆರೆದು ಇಂಟರ್ವಲ್ಲುಗಳ ಸರಾಸರಿ ವ್ಯಾಟ್, ಹಗುರದ ದಿನವಾದರೆ ತೀವ್ರತೆಯ ಅಂಕಿ ಇವೆರಡನ್ನು ನೋಡುವ ರೂಢಿ ಮಾಡಿಕೊಳ್ಳಬೇಕು.

ಕೆಂಪು ಚೌಕಗಳ ವಿಷಯದಲ್ಲಿ ಒಂದು ಕಟ್ಟುನಿಟ್ಟು: ಬಿಟ್ಟುಹೋದ ವರ್ಕೌಟನ್ನು ಎಳೆದು ಮರುದಿನದ ಮೇಲೆ ಹಾಕಬೇಡಿ. ಕ್ಯಾಲೆಂಡರ್‌ನಲ್ಲಿ ಎಳೆದು ಬಿಡುವುದು ಎಷ್ಟು ಸುಲಭವೆಂದರೆ, ಗುರುವಾರದ ಹೊತ್ತಿಗೆ ಒಂದೇ ದಿನದಲ್ಲಿ ಮೂರು ವರ್ಕೌಟು ಗುಂಪುಗೂಡಿರುತ್ತವೆ. ವಾರಕ್ಕೆ ನಾಲ್ಕು ಮುಖ್ಯ: ಸೈಕಲ್ಲಿನ ಒಂದು ಇಂಟರ್ವಲ್, ಉದ್ದದ ಸವಾರಿ, ಉದ್ದದ ಓಟ, ಒಂದು ಗಟ್ಟಿ ಈಜು. ಇವನ್ನು ಸರಿಸಬಹುದು, ಉಳಿದವು ತಪ್ಪಿದರೆ ಅಳಿಸಿಬಿಡುವುದು. ಅಳಿಸಿದರೆ ಕೆಂಪೂ ಕಾಣುವುದಿಲ್ಲ, ಮನಸ್ಸಿಗೂ ಹಿತ.

ಈ ನಾಲ್ಕು ಮುಖ್ಯ ವರ್ಕೌಟುಗಳ ಸುತ್ತ ವಾರವನ್ನು ಬರೆದರೆ ಹೀಗೆ ಕೂರುತ್ತದೆ. ಸೋಮವಾರ ವಿಶ್ರಾಂತಿ, ಯಾಕೆಂದರೆ ವಾರಾಂತ್ಯದ ಬಳಲಿಕೆಯೂ ವಾರದ ಮೊದಲ ಮೀಟಿಂಗುಗಳೂ ಒಟ್ಟಿಗೆ ಬರುವ ದಿನ ಅದು. ಮಂಗಳವಾರ ಬೆಳಗ್ಗೆ ಟ್ರೈನರ್ ಮೇಲೆ ಇಂಟರ್ವಲ್. ಬುಧವಾರ ಬೆಳಗ್ಗೆ ಈಜು, ಸಂಜೆ ಆದರೆ 40 ನಿಮಿಷ ಹಗುರ ಓಟ. ಗುರುವಾರ ಸುಮಾರು ಒಂದು ಗಂಟೆ ಓಟ. ಶುಕ್ರವಾರ ಈಜು ಮಾತ್ರ. ಶನಿವಾರ ಉದ್ದದ ಸವಾರಿ, ಮೂರು ಗಂಟೆಯಿಂದ ಶುರುವಾಗಿ ಕೊನೆಗೆ ಐದು ದಾಟುವಷ್ಟು, ಇಳಿದ ಕೂಡಲೇ 15ರಿಂದ 20 ನಿಮಿಷ ಓಟ. ಭಾನುವಾರ ಉದ್ದದ ಓಟ. ಶನಿವಾರದ ಸವಾರಿ ಮತ್ತು ಓಟವನ್ನು ಎರಡು ಬೇರೆ ನಮೂದುಗಳಾಗಿಯೇ ಬರೆಯಿರಿ. ಬ್ರಿಕ್ ಎಂಬ ಒಂದೇ ನಮೂದಿನಲ್ಲಿ ಹಾಕಿದರೆ ಗಡಿಯಾರದಿಂದ ಬರುವ ಎರಡು ಕಡತಗಳು ಅದರ ಜೊತೆ ಸರಿಯಾಗಿ ಹೊಂದದೆ ಗೋಜಲಾಗಬಹುದು.

ಅಂಕಿಗೆ ಕಾಣದ್ದು

ನೂರು ಟಿಎಸ್‌ಎಸ್ ಓಟವೂ ನೂರು ಟಿಎಸ್‌ಎಸ್ ಸವಾರಿಯೂ ಗ್ರಾಫಿನಲ್ಲಿ ಒಂದೇ. ಮೀನಖಂಡಕ್ಕೆ ಒಂದೇ ಅಲ್ಲ. ಓಟದಲ್ಲಿ ಪ್ರತಿ ಹೆಜ್ಜೆಗೂ ಪೆಟ್ಟು ಬೀಳುತ್ತದೆ. ಈಜಿನ ಲೆಕ್ಕದಲ್ಲಿ ತೀವ್ರತೆಯನ್ನು ಘನ ಮಾಡುವುದರಿಂದ ಥ್ರೆಶೋಲ್ಡ್ ವೇಗದ 90 ಶೇಕಡದಲ್ಲಿ ಒಂದು ಗಂಟೆ ಈಜಿದರೆ 73, ಅದೇ 90 ಶೇಕಡದಲ್ಲಿ ಓಡಿದರೆ 81. ನೀರಿನ ಪ್ರತಿರೋಧದ ಸ್ವಭಾವಕ್ಕೆ ಅದು ಸರಿಯೇ. ಆದರೆ ಈಜು ಬಾರದೆ ಒದ್ದಾಡುವವರ ಕೈ ಭುಜಗಳ ದಣಿವು ಅದರಲ್ಲಿ ಬರುವುದಿಲ್ಲ. ವೇಯ್ಟ್ ಟ್ರೇನಿಂಗಂತೂ ಹೃದಯಬಡಿತದ ಲೆಕ್ಕದಲ್ಲಿ ಪುಡಿಗಾಸು. ಮಂಗಳವಾರ ಸಂಜೆ ಸ್ಕ್ವಾಟ್ ಮಾಡಿ ಬುಧವಾರ ಕಾಲು ಏಳದಿದ್ದರೂ ಗ್ರಾಫು ನಗುತ್ತಿರುತ್ತದೆ. ಎಂಟು ಗಂಟೆ ನಿಂತೇ ಮಾಡುವ ಕೆಲಸ, ರಾತ್ರಿ ಪಾಳಿ, ಐದೇ ಗಂಟೆ ನಿದ್ದೆ ಇವಕ್ಕೂ ಟಿಎಸ್‌ಎಸ್ ಇಲ್ಲ.

ಇದಕ್ಕೆ ಮದ್ದು ಅದರೊಳಗೇ ಇದೆ, ಬಹಳ ಜನ ಮುಟ್ಟುವುದಿಲ್ಲ. ವರ್ಕೌಟ್ ಮುಗಿದ ಮೇಲೆ ಎಷ್ಟು ಕಷ್ಟವಾಯಿತೆಂದು ಒಂದರಿಂದ ಹತ್ತರಲ್ಲಿ ಒಂದು ಅಂಕಿ, ಹೇಗನ್ನಿಸಿತೆಂದು ಐದು ಮುಖಗಳಲ್ಲಿ ಒಂದು ಕೇಳುತ್ತದೆ. ಮುಖಗಳು ಮಕ್ಕಳಾಟದಂತೆ ಕಂಡರೂ ಅವನ್ನು ಒತ್ತಿ. ಜೊತೆಗೆ ನಿದ್ದೆಯ ಗಂಟೆ, ಎದ್ದ ಕೂಡಲೇ ನಾಡಿ ಎಷ್ಟೆಂದು ಬರೆದಿಡುವ ಜಾಗವೂ ಇದೆ. ಹಗುರ ಎಂದು ಬರೆದ ವರ್ಕೌಟು ಎರಡು ಮೂರು ಸಲ ಸತತವಾಗಿ ಆರೇಳು ಎನ್ನಿಸಿದರೆ, ಬೆಳಗಿನ ನಾಡಿ ಮಾಮೂಲಿಗಿಂತ ಏಳೆಂಟು ಬಡಿತ ಮೇಲಿದ್ದರೆ, ಟಿಎಸ್‌ಬಿ ಏನೇ ಹೇಳಲಿ, ಆ ದಿನದ ಇಂಟರ್ವಲ್ ಬಿಡುವುದೇ ಸರಿ.

ಒಂದು ವಾರ ಪೂರ್ತಿ ಕೈಬಿಟ್ಟರೆ ಗ್ರಾಫು ಹೆದರಿಸುತ್ತದೆ. ಸಿಟಿಎಲ್ 60 ಇದ್ದವರಿಗೆ ಏಳು ದಿನ ಸೊನ್ನೆಯಾದರೆ ಅದು 51ಕ್ಕೆ ಇಳಿಯುತ್ತದೆ. ಬಳಲಿಕೆ 60ರಿಂದ 22ರ ಆಸುಪಾಸಿಗೆ ಬೀಳುತ್ತದೆ. ಒಂಬತ್ತು ಅಂಕ ಹೋಯಿತೆಂದು ಮುಂದಿನ ವಾರ ಒಂದೂವರೆ ಪಟ್ಟು ಮಾಡುವುದು ಗಾಯಕ್ಕೆ ಆಹ್ವಾನ. ದೇಹ ಒಂದು ವಾರದಲ್ಲಿ ಅಷ್ಟೊಂದು ಕಳೆದುಕೊಂಡಿರುವುದಿಲ್ಲ, ಕಳೆದದ್ದು ಸೂತ್ರ. ಪ್ಲಾನಿನಲ್ಲಿ ಈಗ ಯಾವ ವಾರವೋ ಅದರ ಸುಮಾರು ಮುಕ್ಕಾಲು ಭಾಗದಿಂದ ಶುರುಮಾಡಿ, ಆಮೇಲಿನ ವಾರ ಪೂರ್ತಿಗೆ ಬಂದರೆ ಸಾಕು. ಜ್ವರದಿಂದ ಬಿಟ್ಟಿದ್ದರೆ ಮೊದಲ ಮೂರು ದಿನ ಇಂಟರ್ವಲ್ ಬೇಡವೇ ಬೇಡ.

ಸ್ಪರ್ಧೆಯ ಲೆಕ್ಕಕ್ಕೆ

ಇಷ್ಟೆಲ್ಲ ದೂರಿದ ಮೇಲೂ, 180 ಕಿ.ಮೀ. ಸವಾರಿಯ ವೇಗ ನಿರ್ಧರಿಸಲು ಈ ಅಂಕಿಗಳಷ್ಟು ಉಪಯುಕ್ತವಾದದ್ದು ಬೇರೆ ಸಿಗಲಾರದು. 220 ವ್ಯಾಟ್ ಎಫ್‌ಟಿಪಿಯವರು 0.70ರಲ್ಲಿ, ಅಂದರೆ 154 ವ್ಯಾಟ್‌ನಲ್ಲಿ ಆರು ಗಂಟೆ ತುಳಿದರೆ 294 ಟಿಎಸ್‌ಎಸ್. ಹುರುಪಿನಲ್ಲಿ 0.78ಕ್ಕೆ, 172 ವ್ಯಾಟ್‌ಗೆ ಏರಿಸಿದರೆ ಗಾಳಿಯ ಪ್ರತಿರೋಧದ ದೆಸೆಯಿಂದ ವೇಗ ನಾಲ್ಕು ಶೇಕಡದಷ್ಟೂ ಹೆಚ್ಚುವುದಿಲ್ಲ. ಸಮತಟ್ಟು ದಾರಿಯಲ್ಲಿ ಹೆಚ್ಚುಕಡಿಮೆ 5 ಗಂಟೆ 47 ನಿಮಿಷಕ್ಕೆ ಮುಗಿದು 352 ಆಗುತ್ತದೆ. ಹದಿಮೂರು ನಿಮಿಷ ಉಳಿಸಲು 58 ಅಂಕ ಕೊಟ್ಟಂತಾಯಿತು, ಅದನ್ನು ಮ್ಯಾರಥಾನ್‌ನ ಕೊನೆಯ ಹದಿನೈದು ಕಿಲೋಮೀಟರಿನಲ್ಲಿ ನಡೆದುಕೊಂಡು ತೀರಿಸಬೇಕು. ಮೊದಲ ಬಾರಿಯವರು 0.65ರಿಂದ 0.70ರ ನಡುವೆ ಇರುವುದು ಕ್ಷೇಮ. ಇದನ್ನು ಶನಿವಾರದ ಉದ್ದದ ಸವಾರಿಗಳಲ್ಲೇ, ಗಂಟೆಗೆ 60ರಿಂದ 90 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಒಗ್ಗಿಸಿಕೊಳ್ಳುತ್ತ, ಪರೀಕ್ಷಿಸಬೇಕು. ತಿಂದದ್ದರ ಲೆಕ್ಕವನ್ನು ವರ್ಕೌಟಿನ ಕಾಮೆಂಟಿನಲ್ಲಿ ಗಂಟೆಗಂಟೆಗೆ ಬರೆದಿಟ್ಟರೆ, ಎಷ್ಟನೆಯ ಗಂಟೆಯಲ್ಲಿ ಹೊಟ್ಟೆ ತಿರುಗಿತು ಎಂಬುದು ಆಮೇಲೆ ಹುಡುಕಿದಾಗ ಸಿಗುತ್ತದೆ.

ಕೊನೆಯ ಎರಡು ಮೂರು ವಾರಗಳ ಟೇಪರ್‌ನಲ್ಲಿ ಗಂಟೆಗಳನ್ನು ಕಡಿಮೆ ಮಾಡಿ, ತೀವ್ರತೆಯನ್ನು ಚಿಕ್ಕ ಚಿಕ್ಕ ತುಣುಕುಗಳಲ್ಲಿ ಉಳಿಸಿಕೊಳ್ಳುವುದು. ಸ್ಪರ್ಧೆಯ ಬೆಳಗ್ಗೆ ಟಿಎಸ್‌ಬಿ 10ರಿಂದ 25ರೊಳಗೆ ಎಲ್ಲೋ ಒಂದು ಕಡೆ ಇದ್ದರೆ ಸಾಕು. ನಿಖರ ಅಂಕಿಗಾಗಿ ಕೊನೆಯ ವಾರ ವರ್ಕೌಟು ಅತ್ತಿತ್ತ ಮಾಡುವುದು ವ್ಯರ್ಥ ಕಸರತ್ತು.

ಯಾರು ದುಡ್ಡು ಕಟ್ಟಬೇಕು

ಕೋಚ್ ಇದ್ದವರಿಗೆ ಪ್ರಶ್ನೆಯೇ ಇಲ್ಲ. ಕೋಚ್ ಎಲ್ಲಿದ್ದಾರೋ ಅಲ್ಲಿ. ರೆಡಿಮೇಡ್ ಪ್ಲಾನ್ ಒಂದನ್ನು ಬರೆದಂತೆಯೇ ಮಾಡುವವರಿಗೆ ಉಚಿತ ಖಾತೆ ಸಾಕಾಗುತ್ತದೆ. ಗ್ರಾಫು ಮಾತ್ರ ಬೇಕಿದ್ದರೆ ಇಂಟರ್ವಲ್ಸ್.ಐಸಿಯು ಎಂಬ ಜಾಲತಾಣದಲ್ಲಿ ಇದೇ ಬಗೆಯ ಫಿಟ್‌ನೆಸ್ ಗೆರೆ ಉಚಿತವಾಗಿ ಸಿಗುತ್ತದೆ. ಅದರ ಪರದೆ ನೋಡಲು ಗಿಜಿಗಿಜಿ, ಒಳಗಿರುವ ಸಾಮಗ್ರಿ ಮಾತ್ರ ಧಾರಾಳ. ಪ್ರೀಮಿಯಂ ಬೇಕಾಗುವುದು ಪಾಳಿ ಬದಲಾಗುವವರಿಗೆ, ಪದೇಪದೇ ಪ್ರಯಾಣ ಬೀಳುವವರಿಗೆ, ಅಂದರೆ ಮುಂದಿನ ಮೂರು ನಾಲ್ಕು ವಾರಗಳನ್ನು ತಾವೇ ಕಟ್ಟಿಕೊಳ್ಳಬೇಕಾದವರಿಗೆ. ಅಂಥವರೂ ವರ್ಷಪೂರ್ತಿ ಕಟ್ಟಬೇಕಾಗಿಲ್ಲ. ಸ್ಪರ್ಧೆಗೆ ಮುಂಚಿನ 16ರಿಂದ 20 ವಾರಕ್ಕೆ ತೆಗೆದುಕೊಂಡು ಆಮೇಲೆ ನಿಲ್ಲಿಸಿದರೆ ಖಾತೆ ಉಚಿತಕ್ಕೆ ಇಳಿಯುತ್ತದೆ, ಹಳೆಯ ವರ್ಕೌಟುಗಳು ಅಲ್ಲೇ ಇರುತ್ತವೆ. ಗಡಿಯಾರದ ಜೋಡಣೆಯನ್ನು ಮಾತ್ರ ಕಡಿಯಬೇಡಿ. ನಡುವಿನ ತಿಂಗಳುಗಳ ಓಟ ಸವಾರಿಗಳು ಖಾತೆಗೆ ಬರುತ್ತಲೇ ಇದ್ದರೆ, ಮುಂದಿನ ಸಲ ಚಂದಾ ಕಟ್ಟಿದಾಗ ಗೆರೆ ಸೊನ್ನೆಯಿಂದ ಶುರುವಾಗುವುದಿಲ್ಲ.